ಮೋಡದೊಳಗಿನ ವಿಮಾನಕ್ಕೆ ಉಪಗ್ರಹದ ಸಾಕ್ಷಿ

ಮಾಗಿಯ ಬೆಳಗಿನಲ್ಲಿ ಶ್ರೀರಾಂಪುರದಿಂದ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಮಂಜು ಹೊಸದಲ್ಲ. ರಸ್ತೆಯ ಎರಡೂ ಬದಿಯ ತೆಂಗಿನ ತೋಟಗಳು ಒಂದೊಂದಾಗಿ ಕಣ್ಮರೆಯಾಗುತ್ತವೆ; ಚಾಲಕನು ದೀಪ ಹಾಕಿ ವೇಗವನ್ನು ತಗ್ಗಿಸುತ್ತಾನೆ; ಏನೂ ಕಾಣದಂತಾದರೆ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಸೂರ್ಯನು ಮೇಲೇರುವವರೆಗೆ ಕಾಯುತ್ತಾನೆ. ವಿಮಾನಕ್ಕೆ ಈ ಸೌಕರ್ಯವಿಲ್ಲ. ರೆಕ್ಕೆಗಳ ಮೇಲೆ ಗಾಳಿ ಹರಿಯುತ್ತಿದ್ದರೆ ಮಾತ್ರ ಅದು ಆಕಾಶದಲ್ಲಿರಬಲ್ಲುದು. ನಿಲ್ಲುವುದೆಂದರೆ ಬೀಳುವುದೆಂದೇ ಅರ್ಥ. ಮೋಡದೊಳಗೆ ಹೊಕ್ಕ ವಿಮಾನವು ಕಾಣದ ದಾರಿಯಲ್ಲಿ ಸೆಕೆಂಡಿಗೆ ನೂರಾರು ಮೀಟರ್ ವೇಗದಿಂದ ಸಾಗುತ್ತಲೇ ಇರಬೇಕು, ಕೊನೆಗೆ ಕಾಣದ ನೆಲದ ಕಡೆಗೆ ಇಳಿಯಲೂ ಬೇಕು.

ಇಂತಹ ಹಾರಾಟಕ್ಕೆ ಉಪಕರಣ ಹಾರಾಟವೆಂದು ಹೆಸರು. ಇದರ ಮೊದಲನೆಯ ಪಾಠವೇ ವಿಚಿತ್ರವಾದುದು: ವೈಮಾನಿಕನು ತನ್ನ ದೇಹವನ್ನು ನಂಬಬಾರದು. ನಮ್ಮ ಒಳಗಿವಿಯಲ್ಲಿರುವ ಸಮತೋಲದ ಅಂಗವು ತಿರುಗುವಿಕೆಯ ಆರಂಭವನ್ನೂ ಅಂತ್ಯವನ್ನೂ ಗುರುತಿಸಬಲ್ಲುದೇ ಹೊರತು, ಒಂದೇ ಸಮನಾಗಿ ನಡೆಯುತ್ತಿರುವ ತಿರುಗುವಿಕೆಯನ್ನು ಕೆಲವು ಕ್ಷಣಗಳಲ್ಲಿ ಮರೆತುಬಿಡುತ್ತದೆ. ಮೋಡದೊಳಗೆ ಮೆಲ್ಲಗೆ ಓರೆಯಾಗಿ ಸುತ್ತುತ್ತಿರುವ ವಿಮಾನದಲ್ಲಿ ಕುಳಿತವನಿಗೆ ತಾನು ನೆಟ್ಟಗೆ ಹೋಗುತ್ತಿರುವೆನೆಂದೇ ತೋರುತ್ತದೆ. ಆದುದರಿಂದ ‘ನಿನ್ನ ಇಂದ್ರಿಯಗಳನ್ನು ಬಿಡು, ಮುಂದಿರುವ ಮುಳ್ಳುಗಳನ್ನು ನಂಬು’ ಎಂದು ಎಲ್ಲ ವೈಮಾನಿಕರಿಗೂ ಕಲಿಸುತ್ತಾರೆ. ಉಪಗ್ರಹಗಳ ಸಹಾಯದಿಂದ ದಾರಿ ಹುಡುಕುವ ವಿದ್ಯೆ ಬಂದಮೇಲೆ ಇದರ ಜೊತೆಗೆ ಮತ್ತೊಂದು ಪಾಠವನ್ನು ಸೇರಿಸಬೇಕಾಯಿತು. ಮುಳ್ಳು ಯಾವಾಗ ನಂಬಲು ತಕ್ಕದ್ದಲ್ಲ ಎಂಬುದನ್ನು ವೈಮಾನಿಕನು ತಿಳಿಯುವುದು ಹೇಗೆ? ಈ ವಿಷಯದಲ್ಲಿ ವಿಮಾನಯಾನದ ನಿಯಮಗಳು ಮೊದಲ ನೋಟಕ್ಕೆ ಕೇವಲ ಕಛೇರಿಯ ಕಟ್ಟಳೆಗಳಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಗೆ ಭೌತವಿಜ್ಞಾನವು ಕೊಡುವ ಉತ್ತರಗಳೇ ಆಗಿವೆ.

ನನಗೆ ಈ ಪ್ರಶ್ನೆ ಹೊಳೆದದ್ದು ವಿಮಾನದಲ್ಲಲ್ಲ, ಅದೇ ಬಸ್ಸಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನ ನಕ್ಷೆಯನ್ನು ತೋರಿಸಿ, ‘ಸಾರ್, ನಾವು ಕೆರೆಯ ಮಧ್ಯದಲ್ಲಿ ಹೋಗುತ್ತಿದ್ದೇವೆ’ ಎಂದು ನಕ್ಕ. ನೀಲಿಯ ಚುಕ್ಕೆ ನಿಜವಾಗಿಯೂ ರಸ್ತೆಯನ್ನು ಬಿಟ್ಟು ಕೆರೆಯ ಅಂಗಳದಲ್ಲಿತ್ತು. ಎರಡು ನಿಮಿಷಗಳಲ್ಲಿ ಅದು ತಾನಾಗಿಯೇ ರಸ್ತೆಗೆ ಬಂತು. ನಾವು ನಕ್ಕದ್ದೇಕೆಂದರೆ ಕಿಟಕಿಯ ಹೊರಗೆ ಏರಿ ಕಾಣುತ್ತಿತ್ತು. ಚುಕ್ಕೆಯ ಸುಳ್ಳನ್ನು ಕಣ್ಣು ಕೂಡಲೇ ಹಿಡಿಯಿತು. ಹೊರಗೆ ಏನೂ ಕಾಣದಿದ್ದರೆ?

ಉಪಗ್ರಹದಿಂದ ಸ್ಥಾನವನ್ನು ಅಳೆಯುವ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಹೆಚ್ಚುಕಡಿಮೆ 12 ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ‘ನಾನು ಇಂತಹವನು, ಇಂತಹ ಕಡೆ ಇದ್ದೇನೆ, ಈಗ ವೇಳೆ ಇಷ್ಟು’ ಎಂದು ಅವು ರೇಡಿಯೋ ತರಂಗಗಳ ಮೂಲಕ ಸಾರುತ್ತಿರುತ್ತವೆ. ಈ ಸಾರುವಿಕೆ ನೆಲವನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಕಾಲ ಹಿಡಿಯುತ್ತದೆ. ತಡವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಸಿಗುತ್ತದೆ. ವೇಳೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ನಮ್ಮ ಸ್ಥಾನವನ್ನು ಗೊತ್ತುಮಾಡಲು ಉದ್ದ, ಅಗಲ, ಎತ್ತರವೆಂಬ ಮೂರು ಸಂಖ್ಯೆಗಳು ಬೇಕು. ಗ್ರಾಹಕದಲ್ಲಿರುವುದು ಅಗ್ಗದ ಗಡಿಯಾರವಾದ್ದರಿಂದ ಅದರ ತಪ್ಪೂ ನಾಲ್ಕನೆಯ ಅಜ್ಞಾತವಾಗಿ ಸೇರುತ್ತದೆ. ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣಗಳು, ಆದ್ದರಿಂದ ನಾಲ್ಕು ಉಪಗ್ರಹಗಳು. ಇಷ್ಟನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ವೈಮಾನಿಕನ ಕಷ್ಟ ಪ್ರಾರಂಭವಾಗುವುದು ಇಲ್ಲಿಂದ. ನಾಲ್ಕರಲ್ಲಿ ಒಂದು ಉಪಗ್ರಹದ ಗಡಿಯಾರ ಕೆಟ್ಟಿದೆಯೆನ್ನಿ. ನಾಲ್ಕು ಸಮೀಕರಣಗಳಿಗೆ ಆಗಲೂ ಒಂದು ಉತ್ತರ ಬಂದೇ ಬರುತ್ತದೆ. ಅದು ತಪ್ಪು ಉತ್ತರ, ಆದರೆ ತಪ್ಪೆಂದು ತೋರಿಸುವ ಯಾವ ಗುರುತೂ ಅದರ ಮೇಲಿರುವುದಿಲ್ಲ. ಇದು ಬರಿಯ ಊಹೆಯಲ್ಲ. 2004ರ ಜನವರಿ 1ರಂದು ಒಂದು ಜಿ.ಪಿ.ಎಸ್. ಉಪಗ್ರಹದ ಗಡಿಯಾರ ಕೆಟ್ಟು, ಅದರ ಮಾತಿನಿಂದ ಎಣಿಸಿದ ದೂರವು ಕಿಲೋಮೀಟರುಗಳ ಲೆಕ್ಕದಲ್ಲಿ ತಪ್ಪತೊಡಗಿತು. ನೆಲದ ಮೇಲಿನ ಕೇಂದ್ರದವರು ‘ಈ ಉಪಗ್ರಹವನ್ನು ಬಳಸಬೇಡಿ’ ಎಂಬ ಗುರುತನ್ನು ಏರಿಸುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. ಇಳಿಯುತ್ತಿರುವ ವಿಮಾನಕ್ಕೆ ಅಷ್ಟು ಕಾಲ ಎಲ್ಲಿಯದು?

ಉಪಾಯವೇನೆಂದರೆ ಐದನೆಯ ಸಾಕ್ಷಿಯನ್ನು ಕರೆಯುವುದು. ಐದು ಉಪಗ್ರಹಗಳಿದ್ದರೆ ಅವುಗಳಿಂದ ನಾಲ್ಕು ನಾಲ್ಕರ ಗುಂಪುಗಳನ್ನು ಐದು ಬಗೆಯಲ್ಲಿ ಮಾಡಬಹುದು. ಎಲ್ಲವೂ ಸತ್ಯವನ್ನೇ ನುಡಿದಿದ್ದರೆ ಐದು ಗುಂಪುಗಳಿಂದ ಬರುವ ಐದು ಸ್ಥಾನಗಳೂ ಒಂದೇ ಕಡೆ ಗುಂಪುಗೂಡುತ್ತವೆ. ಒಂದು ಸುಳ್ಳಾಡಿದ್ದರೆ ಸ್ಥಾನಗಳು ಚೆದರುತ್ತವೆ, ಮೋಸ ಬಯಲಾಗುತ್ತದೆ. ಆದರೆ ಸುಳ್ಳಾಡಿದವರು ಯಾರೆಂಬುದು ತಿಳಿಯುವುದಿಲ್ಲ. ಐದು ಉತ್ತರಗಳಲ್ಲಿ ಒಂದು ಸರಿಯಾದುದು ನಿಜ, ಆದರೆ ಪ್ರತಿಯೊಂದೂ ತನ್ನ ನಾಲ್ಕು ಸಾಕ್ಷಿಗಳೊಡನೆ ಸರಿಯಾಗಿಯೇ ಹೊಂದಿಕೊಳ್ಳುವುದರಿಂದ ಅವುಗಳೊಳಗೆ ಆರಿಸಲು ಆಧಾರವಿಲ್ಲ. ಆರನೆಯ ಉಪಗ್ರಹ ಬಂದರೆ ಚಿತ್ರ ಬದಲಾಗುತ್ತದೆ. ಈಗ ಒಂದೊಂದನ್ನು ಹೊರಗಿಟ್ಟು ಐದೈದರ ಆರು ಗುಂಪುಗಳನ್ನು ಮಾಡಬಹುದು. ಐದರ ಗುಂಪಿಗೆ ತನ್ನೊಳಗೇ ಪರೀಕ್ಷೆ ನಡೆಸುವ ಶಕ್ತಿಯಿದೆಯಷ್ಟೆ. ಸುಳ್ಳುಗಾರನನ್ನು ಹೊರಗಿಟ್ಟ ಗುಂಪೊಂದೇ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಹೀಗೆ ಕೆಟ್ಟ ಉಪಗ್ರಹವನ್ನು ಗುರುತಿಸಿ ತಳ್ಳಿಹಾಕಬಹುದು. ಸ್ಥಾನಕ್ಕೆ ನಾಲ್ಕು, ಸಂಶಯಕ್ಕೆ ಐದು, ನಿರ್ಣಯಕ್ಕೆ ಆರು. ಬೇಕಾದರೆ ವಿಮಾನದ ವಾಯುಭಾರ ಆಧಾರಿತ ಎತ್ತರಮಾಪಕವನ್ನೂ ಒಂದು ಸಾಕ್ಷಿಯಾಗಿ ಎಣಿಸಿಕೊಳ್ಳಬಹುದು. ಗ್ರಾಹಕವು ತನ್ನಷ್ಟಕ್ಕೆ ತಾನೇ ನಡೆಸುವ ಈ ವಿಚಾರಣೆಗೆ ವೈಮಾನಿಕರು ‘ರೈಮ್’ ಎನ್ನುತ್ತಾರೆ. ಅಗ್ಗದ ಗ್ರಾಹಕದಲ್ಲಿ ಇದಿರಬೇಕೆಂಬ ನಿರ್ಬಂಧವಿಲ್ಲ. ಉಪಕರಣ ಹಾರಾಟಕ್ಕೆ ಒಪ್ಪಿಗೆ ಪಡೆದ ಗ್ರಾಹಕದಲ್ಲಿ ಇಂತಹ ವಿಚಾರಣೆಯ ಏರ್ಪಾಡು ಇರಲೇಬೇಕು. ಎರಡೂ ಅದೇ ಉಪಗ್ರಹಗಳ ಅದೇ ಮಾತನ್ನು ಕೇಳುತ್ತಿದ್ದರೂ ಒಂದಕ್ಕೆ ಮೋಡದೊಳಗೆ ಪ್ರವೇಶವಿಲ್ಲದಿರುವುದಕ್ಕೆ ಮುಖ್ಯ ಕಾರಣ ಇದೇ.

ಇದನ್ನು ತಿಳಿದಮೇಲೆ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಐದಾರು ಉಪಗ್ರಹಗಳಿದ್ದರೆ ಸಾಲದು. ಅವು ಆಕಾಶದಲ್ಲಿ ಚೆನ್ನಾಗಿ ಹರಡಿಕೊಂಡೂ ಇರಬೇಕು. ಎಲ್ಲವೂ ಒಂದೇ ಮೂಲೆಯಲ್ಲಿ ಸೇರಿದ್ದರೆ, ಒಂದೇ ಬೀದಿಯ ಸಾಕ್ಷಿಗಳಂತೆ, ಅವುಗಳ ಮಾತಿಗೆ ಬೆಲೆ ಕಡಿಮೆ. ಉಪಗ್ರಹಗಳ ಪಥ ಮೊದಲೇ ಗೊತ್ತಿರುವುದರಿಂದ, ನಾಳೆ ಸಂಜೆ ಇಂತಹ ಊರಿನ ಮೇಲೆ ರೈಮ್ ನಡೆಯುವಷ್ಟು ಉಪಗ್ರಹಗಳು ತಕ್ಕ ಜಾಗಗಳಲ್ಲಿ ಇರುವವೇ ಎಂಬುದನ್ನು ಗ್ರಹಣವನ್ನು ಎಣಿಸುವಂತೆ ಇಂದೇ ಎಣಿಸಬಹುದು. ಹೊರಡುವ ಮೊದಲು ಈ ಎಣಿಕೆಯನ್ನು ನೋಡಬೇಕೆಂಬುದು ನಿಯಮ. ಬೇಕಾದ ಹೊತ್ತಿನಲ್ಲಿ ಐದು ನಿಮಿಷಕ್ಕೂ ಮೀರಿ ಒಂದೇ ಸಮನೆ ಈ ಕಾವಲು ಇರದೆಂದು ಕಂಡುಬಂದರೆ, ಕೆಲವು ಬಗೆಯ ಮಾರ್ಗಗಳಲ್ಲಿ ಹಾರಾಟವನ್ನು ಮುಂದೂಡಬೇಕು, ಬೇರೆ ದಾರಿ ಹಿಡಿಯಬೇಕು, ಇಲ್ಲವೆ ರದ್ದುಮಾಡಬೇಕೆಂದು ಅಮೆರಿಕದವರ ಕಟ್ಟಳೆ ಹೇಳುತ್ತದೆ. ಇಳಿತದ ಕೊನೆಯ ಹಂತವನ್ನು ಮುಟ್ಟುವ ಮೊದಲೇ ಎಚ್ಚರಿಕೆ ಕಾಣಿಸಿಕೊಂಡರೆ ಇಳಿಯಲು ತೊಡಗುವಂತಿಲ್ಲ. ಆಮೇಲೆ ಕಾಣಿಸಿಕೊಂಡರೆ, ರನ್‌ವೇ ಕಣ್ಣಿಗೆ ಬಿದ್ದಿಲ್ಲದ ಪಕ್ಷದಲ್ಲಿ, ತಡಮಾಡದೆ ಮೇಲೇರಿ ಹೊರಟುಹೋಗಬೇಕು. ‘ಇನ್ನೇನು ಬಂದೇಬಿಟ್ಟಿತು’ ಎಂಬ ಆಸೆಗೆ ಇಲ್ಲಿ ಎಡೆಯಿಲ್ಲ.

ಮತ್ತೊಂದು ನಿಯಮವು ಹುಡುಗರಿಗೆ ತಮಾಷೆಯಾಗಿ ತೋರಬಹುದು: ಇಳಿತದ ದಾರಿಯ ಬಿಂದುಗಳನ್ನು ವೈಮಾನಿಕನು ಕೈಯಿಂದ ಒತ್ತಿ ತುಂಬಬಾರದು, 28 ದಿನಗಳಿಗೊಮ್ಮೆ ಹೊಸದಾಗಿ ಬರುವ ಅಧಿಕೃತ ಕೋಶದಿಂದಲೇ ಇಡಿಯಾಗಿ ತೆಗೆದುಕೊಳ್ಳಬೇಕು. ಅಕ್ಷಾಂಶದ ಒಂದು ಕಲೆಯು ನೆಲದ ಮೇಲೆ ಒಂದು ನಾವಿಕ ಮೈಲಿ, ಎಂದರೆ 1,852 ಮೀಟರ್. ಒಂದೇ ಅಂಕಿಯ ಕೈತಪ್ಪಿನಿಂದ ದಾರಿಯು ಬಯಲನ್ನು ಬಿಟ್ಟು ಬೆಟ್ಟದ ಮೇಲೆ ಹೋಗಬಹುದು. ಚಿತ್ರದುರ್ಗದ ಸುತ್ತಿನ ಬೆಟ್ಟಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಕಿ ಸರಿಯಾಗಿದ್ದರೂ ಸಾಲದು, ಅದು ಯಾವ ಭೂಗೋಲದ ಮೇಲಿನ ಅಂಕಿ ಎಂಬುದೂ ಮುಖ್ಯ. ಭಾರತದ ಹಳೆಯ ಭೂಪಟಗಳು 1830ರ ಎವರೆಸ್ಟ್ ಗೋಲಾಭವನ್ನು ಆಧರಿಸಿದವು, ಜಿ.ಪಿ.ಎಸ್. ಬಳಸುವುದು 1984ರ ಜಾಗತಿಕ ಗೋಲಾಭವನ್ನು. ಒಂದೇ ಗಡಿಕಲ್ಲಿಗೆ ಈ ಎರಡರಲ್ಲಿ ಬರುವ ಅಕ್ಷಾಂಶ ರೇಖಾಂಶಗಳನ್ನು ಅದಲುಬದಲು ಮಾಡಿದರೆ ನಮ್ಮ ಸೀಮೆಯಲ್ಲಿ ಕಲ್ಲು ನೂರು ಮೀಟರಿಗೂ ಮಿಕ್ಕು ಸರಿದುಹೋಗುತ್ತದೆ.

ಎಷ್ಟು ತಪ್ಪನ್ನು ಸಹಿಸಬಹುದು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇದಕ್ಕೆ ಮಿತಿಗಳನ್ನು ಹಾಕಿದೆ. ಎತ್ತರದಲ್ಲಿ ಊರಿಂದೂರಿಗೆ ಸಾಗುವಾಗ ತಪ್ಪು 3.7 ಕಿಲೋಮೀಟರ್ ಮೀರಿದರೆ ಐದು ನಿಮಿಷಗಳೊಳಗೆ ಎಚ್ಚರಿಕೆ ಬರಬೇಕು. ಸಾಧಾರಣ ಬಗೆಯ ಇಳಿತದಲ್ಲಿ ಮಿತಿಯು 556 ಮೀಟರಿಗೆ ಇಳಿಯುತ್ತದೆ, ಎಚ್ಚರಿಕೆಗೆ ಇರುವ ಕಾಲ 10 ಸೆಕೆಂಡು. ವಿಮಾನವು ಸೆಕೆಂಡಿಗೆ 70 ಮೀಟರಿನಂತೆ ಬರುತ್ತಿದ್ದರೆ ಆ ಹತ್ತು ಸೆಕೆಂಡಿನಲ್ಲಿ 700 ಮೀಟರ್ ಕ್ರಮಿಸಿರುತ್ತದೆ. ಎತ್ತರವನ್ನೂ ಉಪಗ್ರಹದಿಂದಲೇ ತಿಳಿದು ಓರೆಯಾದ ಗೆರೆಯಲ್ಲಿ ಇಳಿಯಬೇಕಾದರೆ ಅಡ್ಡಕ್ಕೆ 40 ಮೀಟರ್, ಎತ್ತರಕ್ಕೆ 50 ಮೀಟರ್ ಮಾತ್ರ. ಇಂತಹ ಒಂದು ಕೋಟಿ ಇಳಿತಗಳಲ್ಲಿ ಎಚ್ಚರಿಕೆಯಿಲ್ಲದೆ ಮಿತಿಮೀರುವುದು ಎರಡಕ್ಕಿಂತ ಹೆಚ್ಚು ಸಲ ನಡೆಯಬಾರದು. ಬಸ್ಸಿನಲ್ಲಿದ್ದ ಮೊಬೈಲು ಬಹುಕಾಲ ಐದು ಹತ್ತು ಮೀಟರಿನೊಳಗೇ ಸರಿಯಾಗಿರುತ್ತದೆ. ಆದರೂ ಅದು ಇಲ್ಲಿ ಸಲ್ಲದು, ಏಕೆಂದರೆ ತಪ್ಪಿದಾಗ ತಪ್ಪಿದೆನೆಂದು ಅದು ಹೇಳಲಾರದು.

ಎತ್ತರವನ್ನು ಅಳೆಯುವುದೇ ಹೆಚ್ಚು ಕಷ್ಟ. ನಮಗೆ ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಉಪಗ್ರಹಗಳಿರುತ್ತವೆ, ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯದು ತೂಗುತ್ತದೆ. ಆದರೆ ನಮ್ಮ ಕಾಲ ಕೆಳಗೆ ಭೂಮಿಯೇ ಅಡ್ಡವಾಗಿರುವುದರಿಂದ ಕೆಳಗಿನ ಸಾಕ್ಷಿಗಳಿಲ್ಲ. ಇದರ ಮೇಲೆ ಅಯಾನುಗೋಳದ ಕಾಟ. ಸೂರ್ಯನ ಕಿರಣಗಳು ಮೇಲಿನ ವಾಯುಮಂಡಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತವೆ. ಆ ಬಿಡಿ ಇಲೆಕ್ಟ್ರಾನುಗಳ ನಡುವೆ ಹಾದುಬರುವ ಸಂಕೇತವು ತಡವಾಗುತ್ತದೆ. ತಡವಾದರೆ ಉಪಗ್ರಹವು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ.

ಈ ವಿಷಯದಲ್ಲಿ ದಕ್ಷಿಣ ಭಾರತದ ಪರಿಸ್ಥಿತಿ ವಿಶೇಷವಾದುದು. ಭೂಮಿಯ ಕಾಂತೀಯ ಸಮಭಾಜಕ ರೇಖೆಯು ನಮ್ಮ ದೇಶದ ದಕ್ಷಿಣದ ತುದಿಯ ಸಮೀಪದಲ್ಲಿ ಹಾದುಹೋಗುತ್ತದೆ. ಹಗಲಿನಲ್ಲಿ ಅಲ್ಲಿಯ ವಿದ್ಯುತ್ ಕ್ಷೇತ್ರವು ಇಲೆಕ್ಟ್ರಾನುಗಳನ್ನೂ ಅಯಾನುಗಳನ್ನೂ ಮೇಲಕ್ಕೆತ್ತುತ್ತದೆ. ಕಾರಂಜಿಯ ನೀರು ಮೇಲೆದ್ದು ಎರಡೂ ಬದಿಗೆ ಬೀಳುವಂತೆ ಅವು ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಇಳಿದು ರಾಶಿಗೂಡುತ್ತವೆ. ಉತ್ತರದ ರಾಶಿಯು ಬೀಳುವುದು ಮಧ್ಯಭಾರತದ ಆಸುಪಾಸಿನಲ್ಲಿ. ಶ್ರೀರಾಂಪುರವು ಈ ಕಾರಂಜಿಗೂ ರಾಶಿಗೂ ನಡುವೆ ಇದೆಯೆನ್ನಬಹುದು. ಕೆಲವು ನೂರು ಕಿಲೋಮೀಟರ್ ಅಂತರದಲ್ಲಿಯೇ ಸಂಕೇತದ ತಡವು ಬಹಳವಾಗಿ ಬದಲಾಗುತ್ತದೆ. ಸಾಲದುದಕ್ಕೆ ಸೂರ್ಯಾಸ್ತದ ಅನಂತರ ಇದೇ ಪದರದಲ್ಲಿ ಇಲೆಕ್ಟ್ರಾನು ವಿರಳವಾದ ಗುಳ್ಳೆಗಳು ಎದ್ದು ಸಂಕೇತಗಳು ನಕ್ಷತ್ರದಂತೆ ಮಿನುಗತೊಡಗುತ್ತವೆ, ಕೆಲವೊಮ್ಮೆ ಕಳೆದೇಹೋಗುತ್ತವೆ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೂ ಕೂಡಿ ಕಟ್ಟಿದ ‘ಗಗನ್’ ವ್ಯವಸ್ಥೆಯು ಇದಕ್ಕೆ ಉತ್ತರ. ಜಮ್ಮುವಿನಿಂದ ತಿರುವನಂತಪುರದವರೆಗೆ, ಪೋರಬಂದರಿನಿಂದ ಪೋರ್ಟ್ ಬ್ಲೇರಿನವರೆಗೆ 15 ಕಡೆಗಳಲ್ಲಿ ಗ್ರಾಹಕಗಳನ್ನು ಅಲುಗಾಡದಂತೆ ನೆಟ್ಟಿದ್ದಾರೆ. ಬೆಂಗಳೂರು, ಗೋವಾಗಳೂ ಅವುಗಳಲ್ಲಿ ಸೇರಿವೆ. ತಮ್ಮ ನಿಜವಾದ ಸ್ಥಾನ ಮೊದಲೇ ತಿಳಿದಿರುವುದರಿಂದ ಉಪಗ್ರಹಗಳು ಎಷ್ಟು ತಪ್ಪು ಹೇಳುತ್ತಿವೆಯೆಂಬುದನ್ನು ಅವು ಅಳೆಯಬಲ್ಲವು. ಆ ಅಳತೆಗಳೆಲ್ಲ ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ಕೇಂದ್ರಕ್ಕೆ ಬಂದು, ತಿದ್ದುಪಡಿಗಳಾಗಿ ಭೂಸ್ಥಿರ ಉಪಗ್ರಹಕ್ಕೆ ಏರಿ, ಅಲ್ಲಿಂದ ವಿಮಾನಗಳಿಗೆ ಇಳಿಯುತ್ತವೆ. ಇದಕ್ಕೆ ಬೇಕಾದ ಸಾಧನಗಳನ್ನು ಹೊತ್ತು 2011ರಲ್ಲಿ ಜಿಸ್ಯಾಟ್-8, 2012ರಲ್ಲಿ ಜಿಸ್ಯಾಟ್-10, 2015ರಲ್ಲಿ ಜಿಸ್ಯಾಟ್-15 ಮೇಲೇರಿದವು. ಅಮೆರಿಕದವರು ಅಯಾನುಗೋಳವನ್ನು ಒಂದೇ ತೆಳುವಾದ ಚಿಪ್ಪೆಂದು ಭಾವಿಸಿ ಲೆಕ್ಕ ಹಾಕಿದರು. ಅವರ ಅಕ್ಷಾಂಶಕ್ಕೆ ಅದು ಸಾಕಾಗಿತ್ತು, ನಮ್ಮ ಕಾರಂಜಿಗೆ ಸಾಲದಾಯಿತು. ನಮ್ಮವರು ಹಲವು ಪದರಗಳ ಬೇರೊಂದು ಲೆಕ್ಕವನ್ನೇ ಕಟ್ಟಬೇಕಾಯಿತು. ನನ್ನ ಮಟ್ಟಿಗೆ ‘ಗಗನ್’ ಕಥೆಯಲ್ಲಿ ರಾಕೆಟ್ಟಿಗಿಂತ ಈ ಲೆಕ್ಕವೇ ಹೆಚ್ಚಿನ ಸಾಹಸ.

ತಿದ್ದುಪಡಿಗಿಂತಲೂ ಮುಖ್ಯವಾಗಿ ‘ಗಗನ್’ ಇನ್ನೊಂದು ಸಂಖ್ಯೆಯನ್ನು ಕಳುಹಿಸುತ್ತದೆ: ಈ ತಿದ್ದುಪಡಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು. ವಿಮಾನದ ಗ್ರಾಹಕವು ಅದರಿಂದ ತನ್ನ ಸುತ್ತ ಒಂದು ಕೋಟೆಯನ್ನು ಕಲ್ಪಿಸಿಕೊಳ್ಳುತ್ತದೆ: ‘ನಾನು ಇದರೊಳಗೆಲ್ಲೋ ಇದ್ದೇನೆ.’ ಕೋಟೆಯ ಎತ್ತರ 50 ಮೀಟರಿನ ಮಿತಿಯನ್ನು ದಾಟಿತೋ, ಸ್ಥಾನವು ನಿಜವಾಗಿ ಸರಿಯಾಗಿಯೇ ಇದ್ದರೂ, ಎಚ್ಚರಿಕೆ ಬರುತ್ತದೆ. ಸಂಶಯ ಬಂದರೆ ಸಾಕು, ತಪ್ಪು ರುಜುವಾತಾಗಬೇಕಾಗಿಲ್ಲ. ಇಂತಹ ಇಳಿತಕ್ಕೆ 2015ರ ಏಪ್ರಿಲಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ದೊರೆಯಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎ.ಟಿ.ಆರ್. ವಿಮಾನವೊಂದು ‘ಗಗನ್’ ಆಧಾರದಿಂದ ಇಳಿಯಿತು. ರನ್‌ವೇಯ ಬಳಿ ಬೆಲೆಬಾಳುವ ರೇಡಿಯೋ ಕಂಬಗಳನ್ನು ನೆಡಲಾಗದ ಸಣ್ಣ ಊರುಗಳಿಗೆ ಇದರಿಂದ ಎಷ್ಟು ಉಪಯೋಗವೆಂಬುದನ್ನು ಊಹಿಸಬಹುದು.

ನಮ್ಮ ಜಿಲ್ಲೆಯೂ ಈ ಕಥೆಯಲ್ಲಿ ಪಾತ್ರವಹಿಸಿದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರಲ್ಲಿ ಪ್ರಾರಂಭವಾಯಿತು. 2023ರ ಏಪ್ರಿಲ್ 2ರಂದು ಬಾಹ್ಯಾಕಾಶ ಸಂಸ್ಥೆಯವರು ತಮ್ಮ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿಯನ್ನು ತಿಳಿದು ಅಲ್ಲಿಯ ರನ್‌ವೇಯಲ್ಲಿ ಇಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಲವಿಲ್ಲದ, ಬರಿಯ ರೆಕ್ಕೆಯಂತಿರುವ ಚಾಲಕರಹಿತ ವಿಮಾನವೊಂದು ನೆಲದ ರೇಡಾರಿನ ನೆರವಿಲ್ಲದೆ ಅಲ್ಲಿ ಇಳಿದ ಸುದ್ದಿ ಪ್ರಕಟವಾಯಿತು. ಅದರಲ್ಲಿ ‘ಗಗನ್’ ಗ್ರಾಹಕವನ್ನು ಬಳಸಿದ್ದರು. ಈ ಎರಡರಲ್ಲಿಯೂ ಉಪಗ್ರಹದ ಮಾತನ್ನು ಒಂಟಿಯಾಗಿ ನಂಬಿರಲಿಲ್ಲ. ಬೇರೆ ಬೇರೆ ಸಂವೇದಕಗಳ ಮಾತಿನೊಡನೆ ಅದನ್ನು ಬೆರೆಸಿ ತೂಗಿದ್ದರು.

ಒಂಟಿಯಾಗಿ ಏಕೆ ನಂಬಬಾರದು? ಉಪಗ್ರಹದಿಂದ ನಮ್ಮನ್ನು ಮುಟ್ಟುವ ಸಂಕೇತದ ಬಲ ಅತ್ಯಲ್ಪವಾದುದು. ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಒಂದು ಕೋಟಿ ಪಾಲು ಮಾಡಿದರೆ ಎಷ್ಟೋ ಸುಮಾರು ಅಷ್ಟು. ನೆಲದ ಮೇಲಿನ ಸಣ್ಣ ಪ್ರೇಷಕವೂ ಅದನ್ನು ಮುಳುಗಿಸಬಲ್ಲುದು. ಅದಕ್ಕಿಂತ ಕೆಟ್ಟದ್ದೆಂದರೆ ಉಪಗ್ರಹಗಳ ಧ್ವನಿಯನ್ನೇ ಅನುಕರಿಸುವ ಮಿಥ್ಯಾ ಸಂಕೇತ. ಆಗ ಆರು ಸಾಕ್ಷಿಗಳೂ ಒಬ್ಬನೇ ಹೇಳಿಕೊಟ್ಟ ಸುಳ್ಳನ್ನು ಒಂದೇ ಬಾಯಲ್ಲಿ ನುಡಿಯುತ್ತವೆ. ಅವುಗಳಲ್ಲಿ ಪರಸ್ಪರ ವಿರೋಧವೇ ಇಲ್ಲದುದರಿಂದ ರೈಮ್ ವಿಚಾರಣೆಗೆ ಏನೂ ತಿಳಿಯುವುದಿಲ್ಲ. 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ ನಮ್ಮ ಗಡಿಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮುಗಳ ಕಡೆ, ಜಿ.ಪಿ.ಎಸ್. ಹಸ್ತಕ್ಷೇಪದ 465 ಪ್ರಸಂಗಗಳು ವರದಿಯಾದುವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು. 2025ರ ನವೆಂಬರಿನಲ್ಲಿ ಈ ತೊಂದರೆ ದೆಹಲಿಗೇ ಬಂತು. ಅಲ್ಲಿ 10ನೆಯ ಸಂಖ್ಯೆಯ ರನ್‌ವೇಗೆ ಉಪಗ್ರಹವನ್ನು ಆಧರಿಸಿ ಇಳಿಯುತ್ತಿದ್ದ ಕೆಲವು ವಿಮಾನಗಳು ಮಿಥ್ಯಾ ಸಂಕೇತವನ್ನು ಕಂಡುವು. ಇಂತಹ ಹೊತ್ತಿಗೆಂದು ಗೊತ್ತುಮಾಡಿದ್ದ ಬದಲಿ ವಿಧಾನಗಳಿಂದ ಅವುಗಳನ್ನು ನಡೆಸಿದರು. ಹಳೆಯ ರೇಡಿಯೋ ಸಾಧನಗಳು ಕೆಲಸಮಾಡುತ್ತಿದ್ದ ಉಳಿದ ರನ್‌ವೇಗಳ ಕಡೆ ಬಂದವುಗಳಿಗೆ ತೊಂದರೆಯಾಗಲಿಲ್ಲ.

ಹೀಗಾಗಿ ಹಳೆಯ ರೇಡಿಯೋ ಕಂಬಗಳನ್ನೆಲ್ಲ ಕಿತ್ತುಹಾಕಬಾರದು, ಕನಿಷ್ಠ ಸಂಖ್ಯೆಯಲ್ಲಾದರೂ ಅವು ಇರಬೇಕು ಎಂದು ಅನೇಕ ದೇಶಗಳು ನಿಶ್ಚಯಿಸಿವೆ. ನಮ್ಮ ಸರ್ಕಾರದ ನಿಲುವೂ ಇದೇ. ‘ಗಗನ್’ನಂತಹ ನೆರವಿಲ್ಲದ ಗ್ರಾಹಕವನ್ನು ಹೊತ್ತ ವಿಮಾನವು ಹಾರಾಟದ ಯೋಜನೆ ಹಾಕುವಾಗ, ಹೋಗಬೇಕಾದ ಊರಿನಲ್ಲಾಗಲಿ ಅಲ್ಲಿ ಇಳಿಯಲಾಗದಿದ್ದರೆ ಹೋಗಬೇಕಾದ ಬದಲಿ ಊರಿನಲ್ಲಾಗಲಿ, ಎರಡರಲ್ಲಿ ಒಂದು ಕಡೆ ಮಾತ್ರ ಉಪಗ್ರಹದ ಇಳಿತವನ್ನು ನಂಬಿಕೊಳ್ಳಬಹುದು, ಎರಡೂ ಕಡೆ ಕೂಡದು ಎಂಬುದು ಅಮೆರಿಕದ ನಿಯಮ. ಆಕಾಶದ ಸಾಕ್ಷಿಗಳೆಲ್ಲ ಒಟ್ಟಿಗೆ ಕೈಕೊಟ್ಟರೆ ನೆಲದ ಸಾಕ್ಷಿಯೊಂದಾದರೂ ಉಳಿದಿರಲಿ ಎಂಬುದೇ ಅದರ ಅಭಿಪ್ರಾಯ.

ಇದರಲ್ಲಿ ಸ್ವಲ್ಪ ಭಾಗವನ್ನು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಪರೀಕ್ಷಿಸಬಹುದು. ಉಪಗ್ರಹಗಳನ್ನು ಒಂದೊಂದಾಗಿ ತೋರಿಸುವ ಆ್ಯಪುಗಳು ಮೊಬೈಲಿಗೆ ದೊರೆಯುತ್ತವೆ. ಕೆರೆಯ ಏರಿಯ ಮೇಲೆ, ಬಯಲು ಆಕಾಶದ ಕೆಳಗೆ, ಎಷ್ಟು ಉಪಗ್ರಹಗಳು ಕಾಣುತ್ತವೆ, ಪ್ರತಿಯೊಂದರ ಸಂಕೇತದ ಬಲವೆಷ್ಟು ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಎತ್ತರದ ಗೋಡೆಯೊಂದರ ಬುಡಕ್ಕೆ ಹೋಗಿ, ಉಳಿದ ಉಪಗ್ರಹಗಳು ಆಕಾಶದ ಯಾವ ಭಾಗದಲ್ಲಿವೆ, ಚುಕ್ಕೆಯು ಯಾವ ದಿಕ್ಕಿಗೆ ಜಾರುತ್ತದೆ ಎಂಬುದನ್ನು ನೋಡಿ. ಮಾರ್ಚ್ ಅಥವಾ ಸೆಪ್ಟೆಂಬರ್ ತಿಂಗಳಲ್ಲಿ, ಅದರಲ್ಲಿಯೂ ಸೂರ್ಯನ ಕಲೆಗಳು ಹೆಚ್ಚಾಗಿರುವ ವರ್ಷಗಳಲ್ಲಿ, ರಾತ್ರಿ ಎಂಟರಿಂದ ಹನ್ನೊಂದರವರೆಗೆ ಏರಿಯ ಮೇಲೆ ಫೋನನ್ನು ಅಲುಗಿಸದೆ ಇಟ್ಟು ಗಮನಿಸಿದರೆ, ಮೋಡವಿಲ್ಲದ ರಾತ್ರಿಯಲ್ಲಿಯೂ ಒಂದು ದಿಕ್ಕಿನ ಕೆಲವು ಉಪಗ್ರಹಗಳ ಬಲವು ಕಾರಣವಿಲ್ಲದೆ ಏರಿಳಿಯುವುದನ್ನು ಕಾಣಬಹುದು. ನೂರಾರು ಕಿಲೋಮೀಟರ್ ಮೇಲೆ ಅಯಾನುಗೋಳದ ಗುಳ್ಳೆಯೊಂದು ಅದೇ ಹೊತ್ತಿಗೆ ನಿಮ್ಮ ತಲೆಯ ಮೇಲಿಂದ ಪೂರ್ವಕ್ಕೆ ತೇಲಿಹೋಗುತ್ತಿರಬಹುದು.